ಹೊಗೆ ಎಡಕ್ಕೆ, ರೋಗ ಬಲಕ್ಕೆ: ಜೋಡಿ ಎಂಜಿನ್ ಬೋಟಿನ ಕಳೆದುಹೋದ 6 ನಾಟ್

ಬೋಟು 36 ಅಡಿಯ ಫೈಬರ್ ಕ್ಯಾಬಿನ್ ಕ್ರೂಸರ್. ಡೀಸೆಲ್, ನೀರು, ನಾಲ್ಕು ಜನ ಸೇರಿ ತೂಕ ಸುಮಾರು 9.5 ಟನ್. ಎಂಜಿನ್ ಎರಡೂ ಒಂದೇ ಮಾದರಿ: ಆರು ಸಿಲಿಂಡರ್, 5.9 ಲೀಟರ್, ಟರ್ಬೊ (ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಗಾಳಿ ತುರುಕುವಂಥದ್ದು) ಮತ್ತು ಆಫ್ಟರ್‌ಕೂಲರ್ (ಆ ಗಾಳಿಯನ್ನು ತಣಿಸುವಂಥದ್ದು) ಉಳ್ಳ, ಕಂಪ್ಯೂಟರ್ ಗೊಡವೆ ಇಲ್ಲದ ಹಳೇ ಬಗೆಯ ಡೀಸೆಲ್. 2,600 ಆರ್‌ಪಿಎಂಗೆ ತಲಾ 250 ಅಶ್ವಶಕ್ತಿ. ಗೇರ್‌ಬಾಕ್ಸ್ 2:1, ನೇರ ಶಾಫ್ಟ್. ಪ್ರೊಪೆಲ್ಲರ್ ಕಂಚಿನದು, ನಾಲ್ಕು ಎಲೆ, 24 ಇಂಚು ವ್ಯಾಸ, 24 ಇಂಚು ಪಿಚ್ (ಸ್ವಲ್ಪವೂ ಜಾರದಿದ್ದರೆ ಒಂದು ಸುತ್ತಿಗೆ ಮುಂದೆ ಹೋಗುವ ದೂರ). ಮಲ್ಪೆ ದಕ್ಕೆಯಲ್ಲಿ (ಬೋಟು ಕಟ್ಟುವ ಕಟ್ಟೆಯಲ್ಲಿ) ಪ್ರೊಪೆಲ್ಲರಿಗೆ ಫ್ಯಾನ್ ಅಂತಲೇ ಹೆಸರು. ಇಲ್ಲೂ ಹಾಗೇ ಕರೆದಿದೆ.

ಬೋಟು ಚೆನ್ನಾಗಿದ್ದಾಗಿನ ಲೆಕ್ಕ ಪುಸ್ತಕದಲ್ಲಿ ಬರೆದಿಟ್ಟಿತ್ತು: ಎರಡೂ ಲಿವರ್ ಪೂರ್ತಿ ಮುಂದೆ, ಎರಡೂ ಎಂಜಿನ್ 2,640, ವೇಗ 20 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್). ಈ ಒಂದು ಸಾಲು ಇಲ್ಲದಿದ್ದರೆ ಮುಂದಿನ ಅರ್ಧ ಕೆಲಸ ಆಗುತ್ತಿರಲಿಲ್ಲ. ಬೋಟು ಕೊಂಡವರು ಮೊದಲ ವಾರದಲ್ಲೇ ಇಂಥದ್ದೊಂದು ಸಾಲು ಬರೆದಿಟ್ಟುಕೊಳ್ಳಬೇಕು. ಬರೆದವರು ನೂರಕ್ಕೆ ಹತ್ತು ಜನವೂ ಸಿಗಲಿಕ್ಕಿಲ್ಲ.

ಮಳೆಗಾಲ ಪೂರ್ತಿ ಹೊಳೆಯಲ್ಲಿ ಕಟ್ಟಿಹಾಕಿದ್ದ ಬೋಟನ್ನು ನವೆಂಬರಿನಲ್ಲಿ ಹೊರಗೆ ತೆಗೆದಾಗ ವೇಗ 14 ನಾಟ್. ಮೂತಿ ಮೇಲೆತ್ತಿಕೊಂಡು ನೀರನ್ನು ದಬ್ಬುತ್ತಾ ಹೋಗುತ್ತದೆಯೇ ಹೊರತು ನೀರಿನ ಮೇಲೆ ಹತ್ತಿ ಓಡುವುದಿಲ್ಲ. ಎಡ ಎಂಜಿನ್ ಕಪ್ಪು ಹೊಗೆ ಕಾರುತ್ತದೆ, ಹಿಂದಿನ ಬಿಳಿ ಹಲಗೆಯ ಎಡ ಅರ್ಧಕ್ಕೆಲ್ಲ ಮಸಿ, ಅದರ ನೀರಿನ ಉಷ್ಣತೆ 82 ಡಿಗ್ರಿಯಿಂದ 92ಕ್ಕೆ ಹತ್ತಿದೆ. ಬಲ ಎಂಜಿನ್ ತಣ್ಣಗೆ, ಹೊಗೆ ಇಲ್ಲ, ಸದ್ದೂ ಹಿತ. ನೋಡಿದವರೆಲ್ಲ ಎಡದ್ದಕ್ಕೇ ಬೆರಳು ತೋರಿಸಿದರು; ಇಂಜೆಕ್ಟರ್ ಬಿಚ್ಚಿ, ಟರ್ಬೊ ಬಿಚ್ಚಿ ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಎಂದರೆ ಇದೇ.

ಸ್ಪ್ಯಾನರ್ ಮುಟ್ಟುವ ಮುಂಚೆ

ಮೊದಲು ಅಳತೆ ನಂಬುವಂತಿರಬೇಕು. ಡ್ಯಾಶ್‌ಬೋರ್ಡಿನ ಆರ್‌ಪಿಎಂ ಮೀಟರು ಆಲ್ಟರ್ನೇಟರಿನಿಂದ ಸಂಕೇತ ತೆಗೆದುಕೊಳ್ಳುವಂಥದ್ದಾದರೆ ಬೆಲ್ಟ್ ಸ್ವಲ್ಪ ಜಾರಿದರೂ ಸುಳ್ಳು ಹೇಳುತ್ತದೆ. ಎಂಜಿನ್ ನಿಲ್ಲಿಸಿ, ಕೀ ಕಿತ್ತು ಜೇಬಿಗೆ ಹಾಕಿಕೊಂಡು, ಮುಂದಿನ ಪುಲ್ಲಿಗೂ ಶಾಫ್ಟಿನ ಕಪ್ಲಿಂಗಿಗೂ ಒಂದೊಂದು ತುಂಡು ಹೊಳೆಯುವ ಟೇಪ್ ಅಂಟಿಸಿ, ಕೈಯಲ್ಲಿ ಹಿಡಿಯುವ ಆಪ್ಟಿಕಲ್ ಟ್ಯಾಕೋಮೀಟರ್‌ನಿಂದ ಅಳೆದದ್ದು. ಎಡದ ಮೀಟರು ಸರಿ. ಬಲದ್ದು 60 ಆರ್‌ಪಿಎಂ ಹೆಚ್ಚು ತೋರಿಸುತ್ತಿತ್ತು. ತಿರುಗುವ ಶಾಫ್ಟಿನ ಹತ್ತಿರ ಲುಂಗಿ, ಸಡಿಲ ತೋಳಿನ ಅಂಗಿ, ಕುತ್ತಿಗೆಗೆ ಹಾಕಿದ ಟವೆಲ್ ಯಾವುದೂ ಬೇಡ.

ಪರೀಕ್ಷೆಯ ಓಟ ಅಳಿವೆಯ ಒಳಗೆ ಮಾಡಬಾರದು. ಆಳ ಕಡಿಮೆಯಾದರೆ ಬೋಟೇ ನಿಧಾನವಾಗುತ್ತದೆ. ಹೊಳೆಯ ಸೆಳೆತ ಬೇರೆ. 10 ಮೀಟರಿಗಿಂತ ಆಳ ಇರುವಲ್ಲಿಗೆ ಹೋಗಿ, ಒಂದೇ ಗೆರೆಯಲ್ಲಿ ಹೋಗಿ ಬಂದು, ಎರಡೂ ಸಲದ ಜಿಪಿಎಸ್ ವೇಗ ಕೂಡಿಸಿ ಅರ್ಧ ಮಾಡಬೇಕು. ಟ್ಯಾಂಕಿನಲ್ಲಿ ಡೀಸೆಲ್ ಎಷ್ಟು, ಜನ ಎಷ್ಟು ಎಂಬುದೂ ಪ್ರತಿ ಸಲ ಒಂದೇ ಇರಲಿ. ಇಲ್ಲಿ ಅರ್ಧ ಟ್ಯಾಂಕ್, ನಾಲ್ಕು ಜನ.

ಮೊದಲ ಓಟ: ಎಡ 2,380, ಬಲ 2,180. ವೇಗ 14. ಟರ್ಬೊ ಒತ್ತಡ ಎಡಕ್ಕೆ 20 ಪಿಎಸ್ಐ (ಚದರ ಇಂಚಿಗೆ ಪೌಂಡ್), ಬಲಕ್ಕೆ 11.

ಅದೇ ಓಟದಲ್ಲಿ ಶಾಫ್ಟಿನ ಸುತ್ತು ಎಡಕ್ಕೆ 1,190, ಬಲಕ್ಕೆ 1,090. ಎಂಜಿನ್ನಿನ ಸರಿಯಾಗಿ ಅರ್ಧ. ಅಂದರೆ ಗೇರ್‌ಬಾಕ್ಸಿನ ಕ್ಲಚ್ ಎರಡೂ ಕಡೆ ಜಾರುತ್ತಿಲ್ಲ. ಅದನ್ನು ಪಟ್ಟಿಯಿಂದ ಹೊಡೆದು ಹಾಕಬಹುದು.

ನ್ಯೂಟ್ರಲ್‌ನಲ್ಲಿ ಲಿವರ್ ಪೂರ್ತಿ ತಳ್ಳಿದಾಗ ಎಡ 2,850, ಬಲ 2,840. ಜೊತೆಗೆ ಒಬ್ಬರು ಮೇಲೆ ಲಿವರ್ ತಳ್ಳಿ ಹಿಡಿದರೆ ಇನ್ನೊಬ್ಬರು ಕೆಳಗೆ, ಎಂಜಿನ್ನಿಗೆ ಡೀಸೆಲ್ ಅಳೆದು ಚಿಮ್ಮಿಸುವ ಇಂಜೆಕ್ಷನ್ ಪಂಪಿನ ಹತ್ತಿರ ಟಾರ್ಚ್ ಬಿಟ್ಟು ನೋಡಬೇಕು: ಪಂಪಿನ ತೋಳು ತನ್ನ ತಡೆ ಬೋಲ್ಟಿಗೆ ತಾಗುತ್ತಿದೆಯೇ? ಕೆಳಗೊಂದು, ಮಾಳಿಗೆಯ ಮೇಲೊಂದು ಎಂದು ಎರಡು ಕಡೆ ಸ್ಟಿಯರಿಂಗ್ ಇರುವ ಬೋಟಿನಲ್ಲಿ ಕೇಬಲ್ ಸಡಿಲಾಗಿ ನಾಲ್ಕೈದು ಮಿಲಿಮೀಟರ್ ಕಮ್ಮಿ ಎಳೆಯುವುದು ತೀರ ಮಾಮೂಲು. ಇಲ್ಲಿ ಎರಡೂ ತಾಗುತ್ತಿದ್ದವು. ಆದರೆ ನ್ಯೂಟ್ರಲ್‌ನಲ್ಲಿ ಆರ್‌ಪಿಎಂ ಬಂತು ಎಂದು ಡೀಸೆಲ್ ಸರಿಯಾಗಿ ಬರುತ್ತಿದೆ ಎಂದುಕೊಳ್ಳಬಾರದು. ಹೊರೆ ಇಲ್ಲದ ಎಂಜಿನ್ ಕುಡಿಯುವುದು ಎಷ್ಟು ಮಹಾ! 250 ಅಶ್ವಶಕ್ತಿ ಹೊರಬರಬೇಕಾದರೆ ಗಂಟೆಗೆ 50 ಲೀಟರ್ ಹತ್ತಿರ ಬೇಕು.

ಜೋಡೆತ್ತಿನ ಲೆಕ್ಕ

ಎರಡು ಎಂಜಿನ್ ಇದ್ದರೆ ಒಂದು ಇನ್ನೊಂದಕ್ಕೆ ಅಳತೆಗೋಲು. ಇದು ನಿಜ, ಆದರೆ ಪೂರ್ತಿ ನಿಜ ಅಲ್ಲ. ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಂತೆ ಇವು. ಒಂದು ಸೋತರೆ ಬೋಟಿನ ವೇಗ ಇಳಿಯುತ್ತದೆ. ವೇಗ ಇಳಿದರೆ ಇನ್ನೊಂದು ಫ್ಯಾನಿಗೆ ಎದುರು ಬರುವ ನೀರು ನಿಧಾನವಾಗುತ್ತದೆ, ಎಲೆಗಳು ಹೆಚ್ಚು ಓರೆಯಲ್ಲಿ ನೀರನ್ನು ಕಚ್ಚುತ್ತವೆ, ಶಾಫ್ಟ್ ತಿರುಗಿಸಲು ಹೆಚ್ಚು ಬಲ ಬೇಕಾಗುತ್ತದೆ. ಆಗ ಗಟ್ಟಿಮುಟ್ಟಾದ ಎಂಜಿನ್ನಿನ ಆರ್‌ಪಿಎಂ ಕೂಡ ಇಳಿಯುತ್ತದೆ. ಗವರ್ನರು ಆರ್‌ಪಿಎಂ ಹಿಡಿದಿಡಲು ಡೀಸೆಲ್ ಪೂರ್ತಿ ಸುರಿಯುತ್ತದೆ, ಟರ್ಬೊ ಅಷ್ಟು ಗಾಳಿ ಕೊಡಲಾರದೆ ಡೀಸೆಲ್ ಅರೆ ಸುಡುತ್ತದೆ, ಕಪ್ಪು ಹೊಗೆ, ಉಷ್ಣತೆ ಏರಿಕೆ. ಹೊಗೆ ಕಾರುತ್ತಿರುವುದು ದುಡಿಯುತ್ತಿರುವ ಎತ್ತು. ತಣ್ಣಗಿರುವುದು ಮೈಗಳ್ಳ.

ಬಲ ಎಂಜಿನ್ನಿನ ಬಗ್ಗೆ ಈಗಲೇ ಒಂದು ಮಾತು ಹೇಳಬಹುದಿತ್ತು. ಟರ್ಬೊ ಒತ್ತಡ ಕಡಿಮೆ ಇದ್ದು ಕಪ್ಪು ಹೊಗೆಯೂ ಇದ್ದರೆ ಗಾಳಿಯ ಕೊರತೆ: ಏರ್ ಫಿಲ್ಟರ್ ಕಟ್ಟಿದೆ, ಹೋಸ್ ಬಿರಿದಿದೆ, ಆಫ್ಟರ್‌ಕೂಲರ್ ತುಂಬಿದೆ, ಇಲ್ಲವೇ ಟರ್ಬೊ ಸೋತಿದೆ. ಟರ್ಬೊ ಒತ್ತಡ ಕಡಿಮೆ, ಹೊಗೆಯೂ ಇಲ್ಲ ಎಂದರೆ ಡೀಸೆಲ್ ಕೊರತೆ. ಸುಡಲು ಡೀಸೆಲೇ ಇಲ್ಲದಿದ್ದರೆ ಟರ್ಬೊ ತಿರುಗಿಸಲು ಬಿಸಿ ಹೊಗೆ ಎಲ್ಲಿಂದ ಬರಬೇಕು? ಬರೀ ಒತ್ತಡ ಕಡಿಮೆ ಇದೆ ಎಂದು ಟರ್ಬೊ ಬದಲಾಯಿಸಿ ದುಡ್ಡು ಕಳೆದುಕೊಳ್ಳುವವರು ಈ ಎರಡನೇ ಸಾಲನ್ನು ಮರೆತವರೇ.

ಇನ್ನು ಜಾರುವಿಕೆ. ಶಾಫ್ಟಿನ ಸುತ್ತನ್ನು ಇಂಚಿನ ಪಿಚ್‌ನಿಂದ ಗುಣಿಸಿ 1,215ರಿಂದ ಭಾಗಿಸಿದರೆ ಫ್ಯಾನ್ ಸ್ವಲ್ಪವೂ ಜಾರದಿದ್ದರೆ ಬರಬೇಕಾದ ನಾಟ್ ಸಿಗುತ್ತದೆ. ಚೆನ್ನಾಗಿದ್ದಾಗ: 1,320 × 24 ÷ 1,215 = 26.1. ಬಂದದ್ದು 20. ಜಾರುವಿಕೆ ಶೇ. 23, ಈ ಬಗೆಯ ಬೋಟಿಗೆ ಇದು ಸಹಜ. ಈಗ ಎಡಕ್ಕೆ 23.5, ಬಂದದ್ದು 14, ಜಾರುವಿಕೆ ಶೇ. 40. ಬಲಕ್ಕೆ ಶೇ. 35. ಬಲ ಎಂಜಿನ್ ಒಂದೇ ಸೋತಿದ್ದರೆ ಎರಡೂ ಕಡೆ ಇಷ್ಟೊಂದು ಜಾರುವಿಕೆ ಬರುವುದಿಲ್ಲ. ಆದ್ದರಿಂದ ರೋಗ ಎರಡು: ಒಂದು ನೀರಿನ ಕೆಳಗೆ ಇಬ್ಬರಿಗೂ ಸೇರಿದ್ದು, ಇನ್ನೊಂದು ಬಲ ಎಂಜಿನ್ನಿನ ಡೀಸೆಲ್ ದಾರಿಯಲ್ಲಿ.

ನೀರಿನ ಕೆಳಗೆ

ಭರತ ತುಂಬಿ ನೀರು ನಿಂತ ಹೊತ್ತಿನಲ್ಲಿ ಇಳಿಯುವುದು ಒಳ್ಳೆಯದು. ಆಗ ಸೆಳೆತ ಇಲ್ಲ, ನೀರೂ ಸ್ವಲ್ಪ ತಿಳಿ. ಎರಡೂ ಕೀ ಮುಳುಗುವವರ ಕೈಯಲ್ಲೇ ಇರಬೇಕು, ಬ್ಯಾಟರಿ ಸ್ವಿಚ್ ಆಫ್ ಆಗಿರಬೇಕು.

ಮಳೆಗಾಲದಲ್ಲಿ ಹೊಳೆ ಸಿಹಿನೀರಾಗಿ ಹರಿಯುವಾಗ ಬಾರ್ನಕಲ್ (ಗಟ್ಟಿಯಾಗಿ ಅಂಟಿಕೊಳ್ಳುವ ಚಿಪ್ಪಿನ ಕಡಲಜೀವಿ) ಕಾಟ ಅಷ್ಟಿಲ್ಲ. ಮಳೆ ನಿಂತು ಉಪ್ಪುನೀರು ಮೇಲೆ ಏರಿತೋ, ಕೆಲವೇ ವಾರಗಳಲ್ಲಿ ಮುತ್ತಿಕೊಳ್ಳುತ್ತದೆ. ತಳಕ್ಕೆ ವಿಷದ ಪೇಂಟ್ ಇತ್ತು, ಅಲ್ಲಿ ಬರೀ ಲೋಳೆ ಪಾಚಿ. ಫ್ಯಾನಿಗೆ ಪೇಂಟ್ ನಿಲ್ಲುವುದಿಲ್ಲ. ಎಲೆಗಳ ಎರಡೂ ಮುಖದಲ್ಲಿ 6ರಿಂದ 8 ಮಿಲಿಮೀಟರ್ ಎತ್ತರದ ಚಿಪ್ಪು, ಒತ್ತೊತ್ತಾಗಿ, ಬುಡದಿಂದ ತುದಿಯವರೆಗೆ. ಶಾಫ್ಟ್, ಅದನ್ನು ಹಿಡಿದಿರುವ ಕಾಲು, ಚುಕ್ಕಾಣಿಯ ಮೇಲಂಚು, ಟ್ರಿಮ್ ಟ್ಯಾಬಿನ (ಮೂತಿ ಏರಿಳಿಸಲು ಬೋಟಿನ ಹಿಂದೆ ಇರುವ ಹಲಗೆ) ರಾಡು ಎಲ್ಲ ಕಡೆಯೂ ಅದೇ. ತಳ ಚೊಕ್ಕವಾಗಿದೆ ಎಂದು ದಡದಿಂದ ಬಗ್ಗಿ ನೋಡಿ ಸಮಾಧಾನಪಟ್ಟರೆ ಪ್ರಯೋಜನವಿಲ್ಲ. ವೇಗ ತಿನ್ನುವುದು ಫ್ಯಾನಿನ ಮೇಲಿನ ಚಿಪ್ಪು.

ಕೆರೆಯಲು ಎರಡು ಇಂಚು ಅಗಲದ ಪೇಂಟ್ ಸ್ಕ್ರೇಪರ್ ಸಾಕು. ಎಲೆಯ ಅಂಚಿನಿಂದ ಬುಡದ ಕಡೆಗೆ ತಳ್ಳಬಾರದು, ಅಂಚು ಚಕ್ಕೆ ಏಳುತ್ತದೆ, ಬುಡದಿಂದ ಅಂಚಿಗೆ. ಚಿಪ್ಪು ಹಾರಿದ ಮೇಲೆ ಕಂಚಿಗೆ ಅಂಟಿಕೊಂಡು ಬಿಳಿ ಬಿಳಿ ಬಿಲ್ಲೆ ಉಳಿಯುತ್ತದೆ. ಅಲ್ಲಿಗೆ ಕೆಲಸ ಮುಗಿಯಿತೆಂದು ಮೇಲೆ ಬರುವವರೇ ಹೆಚ್ಚು. ಆ ಬಿಲ್ಲೆಯನ್ನೂ ಸ್ಟೀಲ್ ನಾರಿನಿಂದ ಉಜ್ಜಿ ತೆಗೆಯಬೇಕು, ಅಂಗೈ ಸವರಿದರೆ ನುಣ್ಣಗಿರಬೇಕು. ತಳದ ಪೇಂಟಿಗೆ ಮಾತ್ರ ಸ್ಕ್ರೇಪರ್ ಬೇಡ, ಸ್ಪಂಜು ಸಾಕು.

ಬಲ ಶಾಫ್ಟಿನಲ್ಲಿ ಇನ್ನೊಂದು ಸಿಕ್ಕಿತು: ಫ್ಯಾನಿಗೂ ಬೇರಿಂಗಿಗೂ ನಡುವೆ ನೈಲಾನ್ ಬಲೆಯ ತುಂಡು ಸುತ್ತಿ, ಬಿಸಿಗೆ ಕರಗಿ, ಬಳೆಯಂತೆ ಗಟ್ಟಿಯಾಗಿತ್ತು. ಆಗಸ್ಟ್ 1ಕ್ಕೆ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಕಡಲಿಗಿಳಿದ ಮೇಲೆ ಅಳಿವೆಯ ಬಾಯಲ್ಲಿ ಇಂಥ ತುಂಡುಗಳು ತೇಲುವುದು ಹೊಸದೇನಲ್ಲ. ಚಾಕುವಿಗೆ ಜಗ್ಗಲಿಲ್ಲ, ಹ್ಯಾಕ್ಸಾ ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ ಹಿಡಿದು ಕೊಯ್ಯಬೇಕಾಯಿತು. ಬೇರಿಂಗಿನ ರಬ್ಬರ್ ಉಳಿದಿದೆಯೇ ಎಂದು ಶಾಫ್ಟನ್ನು ಮೇಲೆ ಕೆಳಗೆ ಅಲ್ಲಾಡಿಸಿ ಎಡದ್ದರ ಜೊತೆ ಹೋಲಿಸಿದ್ದಾಯಿತು. ಎರಡೂ ಒಂದೇ ಸಮ. ಬಲ ಫ್ಯಾನಿನ ಒಂದು ಎಲೆಯ ತುದಿ ಮಾತ್ರ ಬೆರಳಿಗೆ ಗೊತ್ತಾಗುವಷ್ಟು ಮಡಿಚಿತ್ತು. ನೀರಿನೊಳಗೆ ಸುತ್ತಿಗೆ ಹಿಡಿದು ಅದನ್ನು ನೆಟ್ಟಗೆ ಮಾಡಲು ಹೋಗಬಾರದು. ಹಾಗೇ ಬಿಟ್ಟಿದೆ.

ಎರಡನೇ ಓಟ: ಎಡ 2,540, ಬಲ 2,280. ವೇಗ 16.6. ಎಡದ ಹೊಗೆ ಅರ್ಧಕ್ಕಿಳಿಯಿತು. ಎರಡಕ್ಕೂ ನಡುವಿನ ಅಂತರ ಮಾತ್ರ 200ರಿಂದ 260ಕ್ಕೆ ಏರಿತು. ಎಡದ್ದು ಹೊರೆ ಇಳಿದ ಕೂಡಲೇ ಚೇತರಿಸಿಕೊಂಡಿತು, ಬಲದ್ದಕ್ಕೆ ಚೇತರಿಸಿಕೊಳ್ಳಲು ಡೀಸೆಲ್ ಇಲ್ಲ.

ಡೀಸೆಲ್ ದಾರಿ

ಇಲ್ಲಿ ಬೇಕಾದದ್ದು ಡೀಸೆಲ್ ಹೀರಲು ಎಷ್ಟು ಜಗ್ಗಬೇಕಾಗಿದೆ ಎಂದು ತೋರಿಸುವ ಒಂದು ವ್ಯಾಕ್ಯೂಮ್ ಗೇಜು, 0ಯಿಂದ 30 ಇಂಚು ಪಾದರಸದ್ದು, ಒಂದು ಟಿ ಜೋಡಣೆ, ಅಡಿಯುದ್ದ ಪಾರದರ್ಶಕ ಹೋಸ್, ನಾಲ್ಕು ಕ್ಲಿಪ್. ಗೇಜನ್ನು ಮೊದಲ ಫಿಲ್ಟರಿಗೂ ಟ್ಯಾಂಕಿನಿಂದ ಡೀಸೆಲ್ ಎಳೆಯುವ ಲಿಫ್ಟ್ ಪಂಪಿಗೂ ನಡುವೆ ಸೇರಿಸಿ, ಪೂರ್ತಿ ಹೊರೆಯಲ್ಲಿ ಓಡುವಾಗ ಓದಬೇಕು. ದಕ್ಕೆಯಲ್ಲಿ ನಿಂತು ಓದಿದರೆ ಏನೂ ತಿಳಿಯದು: ಐಡಲ್‌ನಲ್ಲಿ ಬಲದ್ದು 1.5 ಇಂಚು ತೋರಿಸುತ್ತಿತ್ತು, ಎಡದ್ದು ಹೆಚ್ಚುಕಮ್ಮಿ ಅಷ್ಟೇ. ಪೂರ್ತಿ ಹೊರೆಗೆ ಎಡ 2.5, ಬಲ 9.5. ಫಿಲ್ಟರ್ ಹೊಸದಿದ್ದಾಗ 4 ಇಂಚಿನೊಳಗಿದ್ದರೆ ಚಿಂತೆಯಿಲ್ಲ. 9.5 ಎಂದರೆ ಎಲ್ಲೋ ಕುತ್ತಿಗೆ ಹಿಸುಕಿದೆ.

ಫಿಲ್ಟರ್ ಬದಲಾಯಿಸಿದರೆ 9. ಹೊರಗೆ ಬಂದ ಹಳೇ ಫಿಲ್ಟರ್ ಹೆಚ್ಚೇನೂ ಕೊಳೆಯಾಗಿರಲಿಲ್ಲ, ತಳದ ಗಾಜಿನ ಬಟ್ಟಲಲ್ಲಿ ನೀರೂ ಇರಲಿಲ್ಲ. ಫಿಲ್ಟರ್ ಚೊಕ್ಕವಿದೆ, ಆದ್ದರಿಂದ ಡೀಸೆಲ್ ಚೊಕ್ಕವಿದೆ ಎಂದು ಇಲ್ಲಿ ಕೈಬಿಡುವವರುಂಟು. ಕೊಳೆ ಫಿಲ್ಟರಿನವರೆಗೆ ಬರದೆ ಹಿಂದೆಯೇ ಸಿಕ್ಕಿಕೊಂಡಿದ್ದರೂ ಫಿಲ್ಟರ್ ಚೊಕ್ಕವಾಗಿಯೇ ಇರುತ್ತದೆ! ಗೇಜನ್ನು ಫಿಲ್ಟರಿನ ಹಿಂದಕ್ಕೆ, ಟ್ಯಾಂಕಿನ ಕಡೆಗೆ ಸರಿಸಿದಾಗ 8.8. ಅಂದರೆ ಕಟ್ಟಿರುವುದು ಟ್ಯಾಂಕಿಗೂ ಫಿಲ್ಟರಿಗೂ ನಡುವೆ.

ಖಾತ್ರಿಗೆ ಕ್ಯಾನ್ ಪರೀಕ್ಷೆ. 20 ಲೀಟರಿನ ಕ್ಯಾನಿಗೆ ಹೊಸ ಡೀಸೆಲ್ ತುಂಬಿ, ಎಂಜಿನ್ ಕೋಣೆಯಲ್ಲಿ ಅಲ್ಲಾಡದಂತೆ ಕಟ್ಟಿ, ಅದರಿಂದ ನೇರ ಫಿಲ್ಟರಿಗೆ ಹೋಸ್. ಇಂಜೆಕ್ಷನ್ ಪಂಪಿನಿಂದ ವಾಪಸ್ ಬರುವ ಹೋಸನ್ನೂ ಕ್ಯಾನಿಗೇ ತಂದು ಬಿಗಿಯಾಗಿ ಕಟ್ಟಬೇಕು. ಇಲ್ಲದಿದ್ದರೆ ಕ್ಯಾನಿನ ಡೀಸೆಲ್ ಟ್ಯಾಂಕಿಗೆ ಹೋಗಿ ಸೇರುತ್ತದೆ. ಕ್ಯಾನಿನ ಮುಚ್ಚಳ ಗಾಳಿಯಾಡುವಷ್ಟು ಸಡಿಲ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟಕುವಲ್ಲಿ, ಕೆಳಗೆ ಒಬ್ಬರು ಕಾವಲು, ಓಟ 10 ನಿಮಿಷ ಮೀರಬಾರದು. ಹೊರೆಯಲ್ಲಿ ಕ್ಯಾನ್ 20 ನಿಮಿಷಕ್ಕೇ ಖಾಲಿಯಾಗುತ್ತದೆ, ಖಾಲಿಯಾದರೆ ಪಂಪಿಗೆ ಗಾಳಿ ಹೊಕ್ಕು ಅಲ್ಲೇ ಲಂಗರು ಹಾಕಿ ಕೂರಬೇಕಾಗುತ್ತದೆ.

ಲಿವರ್ ಮುಂದಕ್ಕೆ ಹೋಯಿತು. ಬಲ 2,300, 2,400, 2,540. ಎಡ ಲಿವರನ್ನು ಯಾರೂ ಮುಟ್ಟಿಲ್ಲ, ಆದರೂ ಎಡದ ಸೂಜಿ ತಾನಾಗಿ 2,600ಕ್ಕೆ ಹತ್ತಿತು. ಮೂತಿ ಇಳಿಯಿತು, ಬೋಟು ನೀರಿನ ಮೇಲೆ ಹತ್ತಿತು, ಹಿಂದಿನ ಕಪ್ಪು ಗೆರೆ ಕರಗಿತು. 19 ನಾಟ್, ಎಡದ ಉಷ್ಣತೆ 84. ಗೇಜು 1.5 ಇಂಚು. ಬರೆ ಹಾಕಿಸಿಕೊಳ್ಳಬೇಕಿದ್ದ ಎಮ್ಮೆಗೆ ರೋಗವೇ ಇರಲಿಲ್ಲ.

ಟ್ಯಾಂಕು ತಲಾ 500 ಲೀಟರಿನವು ಎರಡು. ಮಳೆಗಾಲಕ್ಕೆ ಮುಂಚೆ ಎಡದ್ದನ್ನು ತುಂಬಿಸಿ ಇಟ್ಟಿತ್ತು, ಬಲದ್ದು ಕಾಲುಭಾಗ. ಖಾಲಿ ಜಾಗದ ಒದ್ದೆ ಗಾಳಿ ಟ್ಯಾಂಕಿನ ಗೋಡೆಯಲ್ಲಿ ಬೆವರಿ ತಳಕ್ಕೆ ಇಳಿಯುತ್ತದೆ. ಡೀಸೆಲ್ಲಿಗೂ ನೀರಿಗೂ ನಡುವಿನ ಪದರದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆಯಾಗುತ್ತದೆ. ಟ್ಯಾಂಕಿನ ಮೇಲಿನ ಪ್ಲೇಟ್ ಬಿಚ್ಚಿ ಹೀರುವ ಕೊಳವೆ ಎತ್ತಿದಾಗ ತುದಿಯಲ್ಲಿ ತಂತಿ ಜಾಲರಿ. ಜಾಲರಿಯ ಮೇಲೆ ಹಲಸಿನ ಅಂಟಿನಷ್ಟು ದಪ್ಪ ಕಪ್ಪು ಲೋಳೆ. ಬೆರಳಿನಿಂದ ಒರೆಸಿದರೆ ಒಂದೆರಡು ಕಣ್ಣು ಮಾತ್ರ ತೆರೆದಿದ್ದವು. ಅಷ್ಟರಲ್ಲಿ ಗಂಟೆಗೆ 50 ಲೀಟರ್ ಎಲ್ಲಿ ಹರಿಯಬೇಕು?

ಮಾಡಿದ್ದು: ಟ್ಯಾಂಕಿನ ತೀರ ತಗ್ಗಿನ ಮೂಲೆಗೆ ಹೋಸ್ ಇಳಿಸಿ ಕೈಪಂಪಿನಿಂದ ಎಳೆದು ಪಾರದರ್ಶಕ ಬಾಟಲಿಗೆ ಬಿಡುವುದು, ಚೊಕ್ಕ ಡೀಸೆಲ್ ಬರುವವರೆಗೆ. 40 ಲೀಟರ್ ತೆಗೆದದ್ದರಲ್ಲಿ ನೀರು ಮತ್ತು ಲೋಳೆ ಸೇರಿ ಸುಮಾರು 3 ಲೀಟರ್. ಕೈ ಹೋಗುವಷ್ಟು ದೂರ ನೂಲು ಬಿಡದ ಬಟ್ಟೆಯಿಂದ ಒರೆಸಿದ್ದಾಯಿತು. ಜಾಲರಿಯನ್ನು ಕಿತ್ತೇ ಬಿಟ್ಟಿದೆ. ಮುಂದೆ ಬದಲಾಯಿಸಬಲ್ಲ ಫಿಲ್ಟರ್ ಇರುವಾಗ ಕೈಗೆಟುಕದ ಜಾಗದಲ್ಲಿ ಇನ್ನೊಂದು ಜರಡಿ ಯಾಕೆ? ಕೊಳವೆಯ ತುದಿ ತಳದಿಂದ 25 ಮಿಲಿಮೀಟರ್ ಮೇಲೆ ನಿಲ್ಲುವಂತೆ ಕತ್ತರಿಸಿದ್ದಾಯಿತು. ಹಳೇ ಹೋಸನ್ನೂ ಬದಲಾಯಿಸಿ ಐಎಸ್ಒ 7840 ಅಚ್ಚು ಇರುವ, ಬೆಂಕಿ ತಡೆಯುವ ಹೋಸ್ ಹಾಕಿದೆ. ಹಳೇ ರಬ್ಬರಿನ ಒಳಪದರ ಬಿಟ್ಟುಕೊಂಡು ಬಾಗಿಲಿನಂತೆ ಮುಚ್ಚುವುದುಂಟು. ಹೊರಗಿನಿಂದ ಹೋಸ್ ಹೊಸದರಂತೆ ಕಾಣುತ್ತದೆ, ಗೇಜು ಮಾತ್ರ 8, 9 ತೋರಿಸುತ್ತದೆ. ತಾಮ್ರದ ವಾಷರು ಎಲ್ಲ ಹೊಸವು. ಹೀರುವ ಕಡೆಯ ಜೋಡಣೆ ಸಡಿಲವಾದರೆ ಡೀಸೆಲ್ ತೊಟ್ಟಿಕ್ಕುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಅದಕ್ಕೇ ಆ ಅಡಿಯುದ್ದದ ಪಾರದರ್ಶಕ ಹೋಸ್: ಲಿಫ್ಟ್ ಪಂಪಿನ ಮುಂಚೆ ತಾತ್ಕಾಲಿಕವಾಗಿ ಹಾಕಿ, ಓಡುವಾಗ ಗುಳ್ಳೆ ಬರುತ್ತಿದೆಯೇ ನೋಡಿ, ತೆಗೆದುಬಿಡಬೇಕು.

ಉಳಿದ ಚಿಲ್ಲರೆ

ಎರಡೂ ಏರ್ ಫಿಲ್ಟರುಗಳು ಎಂಜಿನ್ನಿನ ಎಣ್ಣೆ ಆವಿ ಕುಡಿದು ಕಪ್ಪಾಗಿದ್ದವು. ತೊಳೆದು ಒಣಗಿಸಿದ್ದಕ್ಕೆ ತಲಾ 20, 30 ಆರ್‌ಪಿಎಂ ಲಾಭ. ಎಂಜಿನ್ ತಣಿಸುವ ಕಡಲ ನೀರಿನ ಸ್ಟ್ರೇನರು (ಜರಡಿ), ಆ ನೀರಿನ ಪಂಪಿನ ಇಂಪೆಲ್ಲರಿನ ಎಲೆ ಎಲ್ಲ ಸರಿ. ಟ್ರಿಮ್ ಟ್ಯಾಬ್ ಎರಡೂ ಪೂರ್ತಿ ಮೇಲೆ ಬರುತ್ತಿವೆ.

ಕೊನೆಯ ಓಟ: ಎಡ 2,630, ಬಲ 2,610, ವೇಗ 19.4. ಜಾರುವಿಕೆ ಶೇ. 25. ಟರ್ಬೊ ಒತ್ತಡ ಎರಡಕ್ಕೂ 19ರ ಆಸುಪಾಸು.

20ಕ್ಕೆ ಇನ್ನೂ 0.6 ಕಡಿಮೆ. ಹಳೇ ಲೆಕ್ಕ ಬರೆದ ಮೇಲೆ ಬೋಟಿಗೆ ಎಸಿ, ಜನರೇಟರ್ ಸೇರಿ 250 ಕಿಲೋ ಏರಿದೆ. ಇಂಥ ಬೋಟಿನಲ್ಲಿ ತೂಕ ಶೇಕಡಾ ಎಷ್ಟು ಏರುತ್ತದೋ ವೇಗ ಅದರ ಅರ್ಧದಷ್ಟು ಇಳಿಯುತ್ತದೆ: 9.5 ಟನ್ನಿಗೆ 250 ಕಿಲೋ ಎಂದರೆ ಶೇ. 2.6, ವೇಗದಲ್ಲಿ ಶೇ. 1.3, ಸುಮಾರು ಕಾಲು ನಾಟ್. ಉಳಿದದ್ದು ಮಡಿಚಿದ ಎಲೆಯ ಮತ್ತು ತಳದ ಒರಟು ಪೇಂಟಿನ ಪಾಲು. ಎರಡನ್ನೂ ಮುಂದಿನ ಸಲ ಕ್ರೇನಿನಲ್ಲಿ ಎತ್ತಿದಾಗ ನೋಡಿಕೊಳ್ಳುವುದು. ಆಗ ಎರಡೂ ಫ್ಯಾನನ್ನು ಜೊತೆಯಾಗಿಯೇ ವರ್ಕ್‌ಶಾಪಿಗೆ ಕೊಟ್ಟು ಪಿಚ್ ಸರಿಸಮ ಮಾಡಿಸಬೇಕು, ಒಂದನ್ನೇ ಕೊಡಬಾರದು.

ಎರಡೂ ಮೊದಲ ಫಿಲ್ಟರುಗಳ ನೆತ್ತಿಗೆ ಈಗ ಕಾಯಂ ಆಗಿ ವ್ಯಾಕ್ಯೂಮ್ ಗೇಜು ಕೂರಿಸಿದೆ, ಏರಿದ ಗರಿಷ್ಠ ಅಂಕೆಯಲ್ಲೇ ನಿಲ್ಲುವ ಕೆಂಪು ಸೂಜಿ ಇರುವಂಥದ್ದು. ಅದನ್ನು ಓದಲು ಓಡುವ ಬೋಟಿನಲ್ಲಿ ಎಂಜಿನ್ ಕೋಣೆಗೆ ಇಳಿಯಬೇಕಿಲ್ಲ. 50 ಗಂಟೆ ಓಡಿದ ಮೇಲೆ ಎಡದ ಕೆಂಪು ಸೂಜಿ 2.5ರಲ್ಲಿ, ಬಲದ್ದು 3ರಲ್ಲಿ ನಿಂತಿತ್ತು. ಟ್ಯಾಂಕಿನ ಮೂಲೆಯಲ್ಲಿ ಕೈಗೆ ಸಿಗದೆ ಉಳಿದಿದ್ದ ಲೋಳೆ ಈಗ ಫಿಲ್ಟರಿಗೆ ಬಂದು ಸೇರುತ್ತಿದೆ. ಬಲ ಫಿಲ್ಟರನ್ನು ಒಂದು ಸಲ ಬೇಗನೆ ಬದಲಾಯಿಸುವುದಿದೆ.